ಮಂಚವಿಲ್ಲದ ಊರು

ಹೋದ ತಿಂಗಳು ಕೆಂಭಾವಿಯ ಕಡೆ ಹೋಗುವಾಗ ನಮ್ಮ ಇಲಾಖೆಯ ಜೀಪಿನ ಮುಂದೆ ಒಂದು ಮೂರು ಗಾಲಿಯ ಟಂಟಂ ಹೋಗುತ್ತಿತ್ತು. ಅದರ ಮೇಲೆ ಹೊಸ ಮಂಚ. ಕಾಲು ಮೇಲೆ ಮಾಡಿ ಹಗ್ಗದಿಂದ ಬಿಗಿದಿದ್ದರು. ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಮಂಚ ಕಂಡರೆ ಬೆರಗಾಗುವ ಇವಳೆಂಥವಳು ಅನ್ನಬೇಡಿ. ಲಗ್ನದ ದಿನಗಳಲ್ಲಿ ಶಹಾಪುರದ ಅಂಗಡಿಗಳಿಂದ ಇಂಥವು ಹಳ್ಳಿಹಳ್ಳಿಗೆ ಹೋಗುತ್ತವೆ, ನನಗೂ ಗೊತ್ತು. ಆದರೆ ಈ ಟಂಟಂ ಖಾಜಾಸಾಬನ ಚಹಾದಂಗಡಿಯ ಹತ್ತಿರ ಎಡಕ್ಕೆ ಹೊರಳಿತು, ಹಳ್ಳಕ್ಕಿಳಿದು ಮೇಲೇರಿತು, ಸುಣ್ಣ ಬಳಿದ ಸೀಮೆಕಲ್ಲನ್ನು ದಾಟಿ ಊರೊಳಗೆ ಹೋಯಿತು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತವರಲ್ಲಿ ಒಬ್ಬರೂ ಏಳಲಿಲ್ಲ.

"ಜೀಪ್ ನಿಲ್ಲಸಪಾ" ಅಂದೆ.

"ಏನಾತ್ರಿ ಮೇಡಂ?" ಅಂದ ಡ್ರೈವರ್.

ಏನಾಯಿತೆಂದು ಅವನಿಗೆ ಹೇಗೆ ಹೇಳಲಿ? ಎಂಟು ವರ್ಷದ ಹಿಂದೆ ಇದೇ ಕಲ್ಲು ದಾಟಗೊಡದೆ ನನ್ನ ಮಂಚವನ್ನು ತಡೆದು ಇಳಿಸಿದ್ದರು. ಅದೇ ವರ್ಷದ ಮಳೆಗಾಲದಲ್ಲಿ, ಇದೇ ಊರೊಳಗೆ, ಒಬ್ಬ ಮನುಷ್ಯ ಹಸಿ ನೆಲದ ಮೇಲೆ ಬೆನ್ನು ಕೊಳೆತು ಸತ್ತ. ನೆಲ ಬಿಟ್ಟು ಎರಡಡಿ ಮೇಲೆ ಮಲಗಿದ್ದರೆ ಬದುಕುತ್ತಿದ್ದ ಅಂತ ನಾನು ಆವತ್ತೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಊರಿನ ಹೆಸರು ಬೇಡ. ಸುರಪುರ ತಾಲ್ಲೂಕಿನದು ಅಂದರೆ ಸಾಕು. ಊರ ಹಿಂದೆ ಒಂದು ಬೋಳು ಗುಡ್ಡವಿದೆ, ಅದರ ನೆತ್ತಿಯಲ್ಲಿ ಗುಡ್ಡದಯ್ಯನ ಗುಡಿ. ಆ ಊರಿನವರು ಮಂಚದ ಮೇಲೆ ಮಲಗುವುದಿಲ್ಲ. ಹಗ್ಗ ಹೆಣೆದ ಹೊರಸೂ ಇಲ್ಲ, ತೊಟ್ಟಿಲನ್ನೂ ನೆಲಕ್ಕೆ ತಾಗುವಷ್ಟು ಕೆಳಗೆ ಕಟ್ಟುತ್ತಾರೆ. ದೇವರು ಕುರಿಗಾರನಾಗಿ ಬಂದು, ದಣಿದು, ಬರಿ ಬಂಡೆಯ ಮೇಲೆ ಒರಗಿದನಂತೆ. ಏಳುವಾಗ, ನಾನಿರುವ ತನಕ ಈ ಊರಲ್ಲಿ ನನಗಿಂತ ಎತ್ತರದಲ್ಲಿ ಯಾರೂ ಮಲಗಬಾರದು ಅಂದನಂತೆ. ದೇವರು ಗುಡ್ಡದ ಮೇಲಿದ್ದಾನೆ, ಊರು ಗುಡ್ಡದ ಕೆಳಗಿದೆ, ಮಂಚ ಹತ್ತಿದ ಮಾತ್ರಕ್ಕೆ ಅವನಿಗಿಂತ ಎತ್ತರ ಹೇಗಾಗುತ್ತದೆ ಅಂತ ನಾನು ಒಮ್ಮೆ ಕೇಳಿದೆ. ಎಲ್ಲರೂ ನನ್ನ ಮುಖ ನೋಡಿದರು. ಪ್ರಶ್ನೆಗಿಂತ ಕೇಳಿದವಳು ಯಾರ ಪೈಕಿ ಅನ್ನುವುದು ಅವರಿಗೆ ಮುಖ್ಯವಾಗಿತ್ತು.

ನಾನು ಆಗ ನರ್ಸ್. ಆ ಊರಿನ ಆರೋಗ್ಯ ಉಪಕೇಂದ್ರಕ್ಕೆ ನನ್ನನ್ನು ಹಾಕಿದ್ದರು. ಶಹಾಪುರದಿಂದ ಟೆಂಪೋದಲ್ಲಿ ಟ್ರಂಕು, ಒಲೆ, ಮಂಚ ಹೇರಿಕೊಂಡು ಬಂದೆ. ಹಳ್ಳದ ಈಚೆ ದಂಡೆಯಲ್ಲಿ ಖಾಜಾಸಾಬ ಭಜಿ ಕರಿಯುವುದನ್ನು ಬಿಟ್ಟು ಓಡಿ ಬಂದ.

"ಬಾಯಿ, ಮಂಚ ಇಲ್ಲೇ ಇಳಸ್ರಿ."

"ಯಾಕ?"

"ಊರಾಗ ಮಂಚ ಇಲ್ರಿ."

"ಇಲ್ಲಂತನ ತಂದೀನಲ್ಲಪಾ" ಅಂದೆ.

ಅವನು ನಕ್ಕ. ಕಟ್ಟೆಯ ಮೇಲಿದ್ದವರು ನಗಲಿಲ್ಲ, ಎದ್ದು ಬಂದು ಟೆಂಪೋದ ಮುಂದೆ ನಿಂತರು. ಬೈಗುಳವಿಲ್ಲ, ಗದ್ದಲವಿಲ್ಲ. ಸುಮ್ಮನೆ ನಿಂತರು. ಕಡೆಗೆ ಮಂಚ ಖಾಜಾಸಾಬನ ಅಂಗಡಿಯಲ್ಲಿ ಇಳಿಯಿತು, ನಾನು ಊರಲ್ಲಿ ಇಳಿದೆ. ಅವನು ಅದರ ಮೇಲೆ ಭಜಿಯ ಪರಾತ ಇಡತೊಡಗಿದ. ಉಪಕೇಂದ್ರದಲ್ಲಿ ನೋಡಿದರೆ ರೋಗಿಗಳನ್ನು ಮಲಗಿಸುವ ಸರಕಾರಿ ಮಂಚಕ್ಕೂ ಕಾಲಿಲ್ಲ. ಹಿಂದಿನ ಸಿಸ್ಟರ್ ಬಿಚ್ಚಿಸಿ ಚೀಲದಲ್ಲಿ ಕಟ್ಟಿಟ್ಟಿದ್ದರು. ಬಸುರಿಯರು ನೆಲಕ್ಕಂಟಿದ ಹಲಗೆಯ ಮೇಲೆ ಮಲಗುತ್ತಿದ್ದರು, ನಾನು ಮೊಣಕಾಲೂರಿ ಹೊಟ್ಟೆ ನೋಡುತ್ತಿದ್ದೆ. ಸರಕಾರಕ್ಕೂ ಆ ಊರಲ್ಲಿ ಕಾಲಿರಲಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಬಂತು ಅನ್ನುವುದನ್ನು ಹೇಳಬೇಕು. ನಮ್ಮ ಅಜ್ಜನ ಮನೆಯ ಮುಂದೆ ಒಂದು ಹೊರಸು ಇತ್ತಂತೆ. ಗೌಡರು ಆ ದಾರಿಯಲ್ಲಿ ಬಂದರೆ ಅಜ್ಜ ಎದ್ದು ಹೊರಸನ್ನು ಗೋಡೆಗೆ ಆನಿಸಿ ನಿಲ್ಲಿಸಿ, ತಾನೂ ಅದರ ಪಕ್ಕದಲ್ಲಿ ನಿಲ್ಲಬೇಕಿತ್ತು. ಜ್ವರ ಇದ್ದರೂ ಅಷ್ಟೇ. ಅಪ್ಪ ಸಾಲಿ ಮಾಸ್ತರನಾದ. ಮೊದಲ ಪಗಾರಕ್ಕೆ ಅವನು ಸೀರೆ ತರಲಿಲ್ಲ, ಸೈಕಲ್ ತರಲಿಲ್ಲ, ಒಂದು ಕಬ್ಬಿಣದ ಮಂಚ ತಂದ. ಅದನ್ನು ಅಂಗಳದ ನಡುವೆ ಹಾಕಿ, ಎಲ್ಲರೂ ಓಡಾಡುವ ಹೊತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿ ಮಲಗಿದ. ಆಮೇಲೆ ಬೌದ್ಧ ದೀಕ್ಷೆ ತೆಗೆದುಕೊಂಡ. ಜಗಲಿಯ ದೇವರುಗಳನ್ನೆಲ್ಲ ಗೋಣಿಯಲ್ಲಿ ತುಂಬಿ ಹೊಳೆಗೆ ಬಿಟ್ಟು ಬಂದು ಬುದ್ಧನ ಪಟ ಹಾಕಿದ. "ನಮ್ಮನ್ನ ಗುಡಿಯೊಳಗ ಬಿಡಲಾರದ ದೇವರಿಗಿ ನಮ್ಮ ಮನ್ಯಾಗ ಏನು ಕೆಲಸ?" ಅನ್ನುತ್ತಿದ್ದ.

ಶಹಾಪುರದಲ್ಲಿ ನಮ್ಮ ಮನೆಯ ಮಾಳಿಗೆ ಹತ್ತಿದರೆ ಬುದ್ಧ ಮಲಗಿದ ಬೆಟ್ಟ ಕಾಣುತ್ತದೆ. ಹಣೆ, ಮೂಗು, ಎದೆ, ಎಲ್ಲ ಕಲ್ಲಿನಲ್ಲೇ ಹಾಗೆ ಮೂಡಿವೆ. "ಮಲಗಿದ್ರ ಹಿಂಗ ಮಲಗಬೇಕು, ಯಾರ ಅಪ್ಪಣಿನೂ ಕೇಳಲಾರದ" ಎಂದು ಅಪ್ಪ ತೋರಿಸುತ್ತಿದ್ದ. ಇಂಥ ಮನೆಯಿಂದ ಬಂದವಳು ನಾನು, ಆ ಊರಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದೆ.

ಮುಂಗಾರಿನ ಮಿರಗದ ಮಳೆ ಆ ವರ್ಷ ಚೆನ್ನಾಗಿ ಹಿಡಿಯಿತು. ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಚಪ್ಪಲಿಯೂ ಸೇರು ಭಾರವಾಗುತ್ತಿತ್ತು. ತೊಗರಿ ಬಿತ್ತುವ ಗಡಿಬಿಡಿ, ಊರಲ್ಲಿ ಹಗಲು ಯಾರೂ ಸಿಗುತ್ತಿರಲಿಲ್ಲ. ಆಗ ಮಾಳಪ್ಪನನ್ನು ಕಲಬುರಗಿಯಿಂದ ಜೀಪಿನಲ್ಲಿ ತಂದು ಇಳಿಸಿದರು. ಅವನು ಕುರಿಗಾರ, ಐವತ್ತರ ಆಸುಪಾಸು, ಆಡಿಗೆ ಸೊಪ್ಪು-ತಪ್ಪಲು ಕಡಿಯಲು ಆಲದ ಗಿಡ ಹತ್ತಿದವನು ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಸೊಂಟದ ಕೆಳಗೆ ಅರಿವಿಲ್ಲ, ಇನ್ನು ಬರುವುದೂ ಇಲ್ಲ ಅಂತ ದೊಡ್ಡ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಕುರಿಗಳನ್ನು ತಮ್ಮ ಹೊಡೆದುಕೊಂಡು ಹೋಗಿದ್ದ. ಒಬ್ಬಳೇ ಮಗಳನ್ನು ಕೊಡೇಕಲ್ ಕಡೆ ಕೊಟ್ಟಿದ್ದರು. ಮನೆಯಲ್ಲಿ ಅವನು, ಅವನ ಹೆಂಡತಿ ದ್ಯಾವಕ್ಕ.

ಹಳೆಯ ಮಣ್ಣಿನ ಮಾಳಿಗೆಯ ಮನೆ. ಮಳೆ ಹಿಡಿದರೆ ನೆಲದೊಳಗಿಂದಲೇ ನೀರು ಜಿನುಗುತ್ತಿತ್ತು. ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಮಾಳಪ್ಪ. ಒದ್ದೆ ಉಣ್ಣೆಯ ವಾಸನೆ ಹೊಸ್ತಿಲಲ್ಲೇ ಮೂಗಿಗೆ ಹೊಡೆಯುತ್ತಿತ್ತು. ಅರಿವಿಲ್ಲದ ಮೈಯನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಚರ್ಮ ಸಾಯುತ್ತದೆ, ಎರಡು ತಾಸಿಗೊಮ್ಮೆ ಹೊರಳಿಸಬೇಕು ಎಂದು ಹೇಳಿಕೊಟ್ಟೆ. ಅವನು ದೊಡ್ಡಾಳು. ದ್ಯಾವಕ್ಕ ಒಣ ಜೋಳದ ಕಣಿಕೆಯಂಥ ಸಣಕಲಿ. ನೆಲಕ್ಕೆ ಬಗ್ಗಿ ಅವನನ್ನು ಎತ್ತಿ ಹೊರಳಿಸಿ ಹೊರಳಿಸಿ, ಮೂರನೆಯ ವಾರಕ್ಕೆ ಅವಳೇ ಗೋಡೆ ಹಿಡಿದು ನಡೆಯುವಂತಾದಳು. ಶಹಾಪುರದ ಪರಿಚಯದವರಿಂದ ಗಾಳಿ ತುಂಬುವ ಹಾಸಿಗೆ ತಂದುಕೊಟ್ಟೆ. ನೆಲದ ಮೇಲಿನ ಹಾಸಿಗೆ ಇಲಿಗೆ ಎಷ್ಟು ದಿನದ ಮಾತು? ಕಡಿದು ಹಾಕಿದವು. ಹಾಸಿಗೆಯ ಜೊತೆಗೆ ಅವನ ಹಿಮ್ಮಡಿಯನ್ನೂ ಕಡಿದಿದ್ದವು. ಅವನಿಗೆ ಗೊತ್ತೇ ಆಗಿರಲಿಲ್ಲ.

ಅವತ್ತು ದ್ಯಾವಕ್ಕ ನನ್ನ ಹಿಂದೆಯೇ ಓಣಿಯ ತಿರುವಿನ ತನಕ ಬಂದಳು.

"ಅಕ್ಕಾರ, ನಿಮ್ಮ ಮಂಚ ಹಳ್ಳದ ದಂಡ್ಯಾಗ ಐತಂತಲ್ರಿ."

"ಐತಿ. ಯಾಕ?"

"ಅದನ್ನ ತರಸ್ರಿ. ಅವನ ದ್ಯಾವ್ರು ಅವಂಗ ಇರ್ಲಿ. ನನ್ನ ಟೊಂಕಕ್ಕ ಯಾವ ದ್ಯಾವ್ರ ಅದಾನ?"

ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಆ ಊರಲ್ಲಿ ನನ್ನಂತೆ ಯೋಚಿಸುವ ಒಂದು ಜೀವ ಸಿಕ್ಕಿತೆಂದು ಅಷ್ಟು ಖುಷಿಯಾಯಿತು. ಅಂದೇ ಸಂಜೆ ಮಾಳಪ್ಪನ ತಲೆಯ ಹತ್ತಿರ ಕುಳಿತು ಮಾತು ತೆಗೆದೆ. ಮಂಚಕ್ಕೇರಿದರೆ ನೆಲದ ಹಸಿ ಇರುವುದಿಲ್ಲ, ಇಲಿ ಇರುವುದಿಲ್ಲ, ಹೆಂಡತಿ ನಿಂತುಕೊಂಡೇ ಹೊರಳಿಸಬಹುದು ಎಂದೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಬ್ಯಾಡ್ರಿ ಅಕ್ಕಾರ."

"ಕಲಬುರಗ್ಯಾಗ ಮಂಚದ ಮ್ಯಾಗ ಇದ್ದೆಲ್ಲಣ್ಣ?"

"ಅಲ್ಲಿ ಅವನ ಸೀಮಿ ಇಲ್ಲ."

"ಅಷ್ಟು ಕಾಯೋ ದೇವರು, ನೀ ಗಿಡದ ಮ್ಯಾಲಿಂದ ಬೀಳೂಮುಂದ ಯಾಕ ಹಿಡೀಲಿಲ್ಲ?"

ಕೇಳಿದ ಮೇಲೆ ಮಾತು ಬಿರುಸಾಯಿತೇನೋ ಅನ್ನಿಸಿತು. ಅವನಿಗೆ ಸಿಟ್ಟು ಬರಲಿಲ್ಲ.

"ಕೇಳ್ರಿ ಅಕ್ಕಾರ. ಸೊಂಟದ ಕೆಳಗ ನಂದಲ್ಲ. ಕುರಿ ನಂದಲ್ಲ, ತಮ್ಮ ಒಯ್ದಾನ. ನನ್ನ ಹೇಲುಚ್ಚಿ ಸೈತ ನಂದಲ್ಲ, ಅಕಿ ಬಳೀತಾಳ. ಗುಡ್ಡ ಏರಾಕ ಆಗಂಗಿಲ್ಲ, ಒಂದು ಕಾಯಿ ಒಡ್ಯಾಕ ಆಗಂಗಿಲ್ಲ. ಇನ್ನ ನಂದು ಅಂತ ಏನುಳದೈತಿ? ನೆಲ ಬಿಡೂದಿಲ್ಲ ಅನ್ನೂದೊಂದು ಉಳದೈತಿ. ಅದನ್ನೂ ತಗೊಂಡು ಹೊಂಟ್ರೇನು?"

"ಇದ್ರಾಗ ಸಾಯ್ತೀದಿ ಅಣ್ಣ."

"ಎಲ್ಲಾರೂ ಸಾಯೂದೇ ಐತಿ. ನಾ ಯಾತರ ಸಲುವಾಗಿ ಸಾಯಾಕತ್ತೀನಿ ಅಂತ ನನಗ ಗೊತ್ತೈತಿ. ನೀವು ಯಾತರ ಸಲುವಾಗಿ ಬದುಕಾಕತ್ತೀರಿ ಅನ್ನೂದು ನಿಮಗ ಗೊತ್ತೈತೇನ್ರಿ?"

ನನಗೆ ಗೊತ್ತಿತ್ತು ಅಂತಲೇ ಅಂದುಕೊಂಡಿದ್ದೆ. ಚೀಲ ತೆಗೆದುಕೊಂಡು ಎದ್ದು ಬಂದೆ.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಭಾಷಣ ಬಿಗಿಯುತ್ತಾನೆಂದು ಕಾದಿದ್ದೆ. ಅವನು "ನಾ ಮಂಚಾ ತಂದಾಗ ನಮ್ಮವ್ವ ಎಲ್ಲಿ ಮಲಗ್ತಿದ್ಲು ಗೊತ್ತೇನು?" ಅಂದ. "ಮಂಚದ ಕೆಳಗ. ಸಾಯೂ ತನಕ ಮ್ಯಾಲೆ ಏರಲಿಲ್ಲ. ಎಷ್ಟು ಬೈದ್ರೂ ಏರಲಿಲ್ಲ."

"ಅಕಿಗಿ ಅಂಜಿಕಿ ಇತ್ತು. ಇವಂಗ ಭಕ್ತಿ" ಅಂದೆ.

"ಎರಡೂ ಒಂದೇ ಅರಿವಿ ಉಡ್ತಾವವ್ವ. ಮ್ಯಾಲಿಂದ ನೋಡಿ ಯಾವುದು ಯಾವುದು ಅಂತ ಹೇಳಾಕ ಬರಂಗಿಲ್ಲ."

ಈ ಮಾತು ನನಗೆ ಸಹಾಯವಾಗಲಿಲ್ಲ. ಹಾಗಂತ ಕೈ ಕಟ್ಟಿ ಕೂರುವ ಜಾಯಮಾನವೂ ನನ್ನದಲ್ಲ. ಮಂಚ ಅಂದರೆ ಏನು? ನಾಲ್ಕು ಕಾಲು ಇರುವುದು. ಹಾಗಾದರೆ ಕಾಲೇ ಇಲ್ಲದ್ದು ಮಂಚ ಹೇಗಾಗುತ್ತದೆ? ನೆಲದಿಂದಲೇ ಕಲ್ಲು ಕಟ್ಟಿ, ಮೇಲೊಂದು ಹಾಸುಗಲ್ಲು ಹಾಕಿಬಿಟ್ಟರೆ ಅದು ಕಟ್ಟೆ. ಕಟ್ಟೆಯ ಮೇಲೆ ಊರೆಲ್ಲ ಕೂರುತ್ತದೆ, ಮಧ್ಯಾಹ್ನ ಅಡ್ಡಾಗುತ್ತದೆ. ದೇವರೇ ಕಲ್ಲಿನ ಮೇಲೆ ಮಲಗಿದವನು, ಕಲ್ಲಿಗೆ ಅವನು ಬೇಡ ಅನ್ನಲಾರ. ಈ ಉಪಾಯವನ್ನು ಮಾಳಪ್ಪನಿಗೆ ಹೇಳಿದೆ. ಅವನು ಯೋಚಿಸಿ, "ಅಯ್ಯ ಹೂ ಕೊಟ್ರ ಆಗ್ಲಿ" ಅಂದ. ಅಷ್ಟು ಸಾಕಾಗಿತ್ತು ನನಗೆ. ಪೂಜಾರಿ ಸಿದ್ದಣ್ಣನ ಮನೆಗೆ ಹೋದೆ.

ಸಿದ್ದಣ್ಣ ಕೆಟ್ಟವನಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು. ನನಗೆ ಜ್ವರ ಬಂದಾಗ ಹಾಲು ಕಳಿಸಿದವನು, ಮಾತು ಮೆತ್ತಗೆ. ಸುರಪುರದಲ್ಲಿ ಅವನದೊಂದು ಆರ್‌ಸಿಸಿ ಮನೆ ಇತ್ತು, ಅಲ್ಲಿ ಮಂಚ, ದಿವಾನ, ಸೋಫಾ ಎಲ್ಲ ಇದ್ದವು. ಬೆನ್ನು ನೋವು ಬಂದರೆ ಸಂಜೆಯ ಪೂಜೆ ಮುಗಿಸಿ ಮೋಟರ್‌ಸೈಕಲ್ ಹತ್ತಿ ಸೀಮೆ ದಾಟಿಬಿಡುತ್ತಿದ್ದ. ಊರಿನ ಉಳ್ಳವರೆಲ್ಲರ ವ್ಯವಸ್ಥೆಯೂ ಹಾಗೆಯೇ ಇತ್ತು. ದೇವರ ಕಟ್ಟಳೆ ಪೂರ್ತಿಯಾಗಿ ಬಿದ್ದದ್ದು ಸೀಮೆಯಾಚೆ ಇನ್ನೊಂದು ಮನೆ ಇಲ್ಲದವರ ಬೆನ್ನಿನ ಮೇಲೆ.

"ನನ್ನದೇನೈತ್ರಿ ಸಿಸ್ಟರ್ರ, ಅಯ್ಯನ್ನ ಕೇಳೂನು. ಅವ ಹೂಂ ಅಂದ್ರ ನಾನೇ ಕಲ್ಲು ಹೊರ್ತೀನಿ" ಅಂದ ಸಿದ್ದಣ್ಣ.

ಹೂ ಕೇಳುವುದೆಂದರೆ ಹೀಗೆ. ಲಿಂಗದ ಎರಡು ಬದಿಗೂ ಒದ್ದೆ ಕಣಗಿಲ ಹೂ ಅಂಟಿಸಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಸೋಮವಾರ ಸಂಜೆ ಸೋನೆಯಲ್ಲಿ ಗುಡ್ಡ ಹತ್ತಿದೆವು. ದ್ಯಾವಕ್ಕ ಒಳಗೆ ಹೋದಳು. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತೆ. ಬೇಡ ಅಂತ ಯಾರೂ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅಲ್ಲಿಂದ ದೀಪದ ಬೆಳಕಿನಲ್ಲಿ ಸಿದ್ದಣ್ಣನ ಕೈ ಕಾಣುತ್ತಿತ್ತು. ಬಲಗಡೆಯ ಹೂವನ್ನು ತಂಬಿಗೆಯಲ್ಲಿ ಚೆನ್ನಾಗಿ ಅದ್ದಿ ಹೆಬ್ಬೆರಳಿನಿಂದ ಒತ್ತಿದ. ಎಡಗಡೆಯದನ್ನು ಸುಮ್ಮನೆ ತಾಗಿಸಿದ. ನನಗೆ ಹಾಗೆ ಕಂಡಿತು. ದೇವರನ್ನು ನಂಬದವಳ ಕಣ್ಣು ಪೂಜಾರಿಯ ಕೈಯನ್ನೇ ನೋಡುತ್ತದೆ ಅಂತ ನೀವು ಅಂದರೆ ಅದಕ್ಕೂ ನನ್ನ ತಕರಾರಿಲ್ಲ. ಎಡಗಡೆಯ ಹೂ ಬಿತ್ತು.

ದ್ಯಾವಕ್ಕ ಮುಂದಾಗಿ ಗುಡ್ಡ ಇಳಿದಳು. ಮನೆಗೆ ಬಂದು ಗಂಡನ ಮುಂದೆ ಕುಕ್ಕರಿಸಿ, "ಕೊಡಲಿಲ್ಲ" ಅಂದಳು.

ಮಾಳಪ್ಪನ ಮುಖ ಸಪ್ಪಗಾಗುತ್ತದೆಂದು ನಾನು ತಿಳಿದಿದ್ದೆ. ಅದು ಅರಳಿತು! "ನನ್ನ ಸಲುವಾಗಿ ಹೂ ಹಚ್ಚಿದ್ರಾ?" ಅಂದ. "ನನ್ನ ಹೆಸರ ಹೇಳಿ ಕೇಳಿದ್ರಾ?" ಹೌದು ಅಂದಳು ಅವಳು. "ಹಂಗಾರ ಅಯ್ಯನ ಕಿವಿಗಿ ನನ್ನ ಹೆಸರ ಬಿದ್ದೈತಿ" ಅಂದು ಕಣ್ಣು ಮುಚ್ಚಿಕೊಂಡ. ಬಿದ್ದ ದಿನದಿಂದ ಅವನ ತಮ್ಮ ಬಂದಿರಲಿಲ್ಲ, ಜೊತೆಗೆ ಕುರಿ ಕಾಯ್ದವರು ಹೊಸ್ತಿಲು ತುಳಿದಿರಲಿಲ್ಲ, ಮಗಳು ಒಮ್ಮೆ ಬಂದು ಅತ್ತು ಹೋಗಿದ್ದಳು. ಒಬ್ಬ ದೇವರಿಗಾದರೂ ಅವನಿಗೊಂದು ಉತ್ತರ ಕೊಡಬೇಕು ಅನ್ನಿಸಿತ್ತು. ಆ ಉತ್ತರ 'ಇಲ್ಲ' ಎಂದಾಗಿದ್ದರೂ ಅವನಿಗೆ ಅದು ದೊಡ್ಡದಾಗಿತ್ತು. ನನಗೆ ಅವನ ಮೇಲೆ, ಆ ಗುಡ್ಡದ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಕೆಂಡದಂಥ ಸಿಟ್ಟು ಬಂತು.

ಅಲ್ಲಿಂದ ಮುಂದೆ ಅವನ ಬೆನ್ನಿನ ಗಾಯದ್ದೇ ಆಟ. ಆಷಾಢದಲ್ಲಿ ಬೊಗಸೆಯಷ್ಟಿದ್ದದ್ದು ಒಳಕ್ಕಿಳಿಯುತ್ತ ಹೋಯಿತು. ದಿನಾ ತೊಳೆದೆ, ಔಷಧಿ ಇಟ್ಟು ಕಟ್ಟಿದೆ. ಬೆಳಿಗ್ಗೆ ಕಟ್ಟಿದ ಬಟ್ಟೆ ಸಂಜೆಗೆ ನೆಲದ ನೀರು ಕುಡಿದು ತೊಯ್ದಿರುತ್ತಿತ್ತು. ಒಂದು ದಿನ ಪಟ್ಟಿ ಬಿಚ್ಚಿದರೆ ಒಳಗೆ ಇರುವೆ. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ಆಮೇಲೆ ನನ್ನ ಕಡೆಯ ದಾಳ ಉರುಳಿಸಿದೆ. ಹಳ್ಳದಾಚೆ ಖಾಜಾಸಾಬನ ಅಂಗಡಿಯ ಹಿಂದೆ ತಗಡಿನ ಕೋಣೆಯಿದೆ, ಅದು ಸೀಮೆಯಿಂದ ಹೊರಗೆ. ಅಲ್ಲಿ ನನ್ನ ಮಂಚ ಹಾಕಿಸುತ್ತೇನೆ, ಗಾಯ ಒಣಗುವ ತನಕ ಅಲ್ಲಿರು. ಯಾವ ಕಟ್ಟಳೆಯೂ ಮುರಿಯುವುದಿಲ್ಲ ಎಂದು ಮಾಳಪ್ಪನಿಗೆ ಹೇಳಿದೆ. ಖಾಜಾಸಾಬ ಆಗಲೇ ಪರಾತಗಳನ್ನು ಇಳಿಸಿ ಮಂಚ ಒರೆಸಿಟ್ಟಿದ್ದ.

ಮಾಳಪ್ಪ ನಕ್ಕ. ಆ ಹೊತ್ತಿಗೆ ಅವನ ಕೆನ್ನೆಯೆಲ್ಲ ಒಳಗೆ ಹೋಗಿತ್ತು.

"ಸೀಮಿ ದಾಟಿ ಮಲಗೂದು ಪೂಜಾರಿ ಕೆಲಸ ಅಕ್ಕಾರ. ಸುರಪುರದಾಗ ಅವರು ಮಂಚದ ಮ್ಯಾಲ ಮಲಗ್ತಾರ ಅನ್ನೂದು ನನಗ ಗೊತ್ತಿಲ್ಲೇನು? ಅಯ್ಯಂಗೂ ಗೊತ್ತೈತಿ. ನನಗ ಆ ಕಳ್ಳಾಟ ಬ್ಯಾಡ."

ಅವನು ಮೋಸ ಹೋದವನು, ಏನೂ ತಿಳಿಯದವನು ಅಂತ ನಾನು ಅಲ್ಲಿಯ ತನಕ ನಂಬಿದ್ದೆ. ಅವನಿಗೆ ಎಲ್ಲವೂ ತಿಳಿದಿತ್ತು. ತಿಳಿದೂ ಹಿಡಿದುಕೊಂಡಿದ್ದ. ಇಂಥವನಿಗೆ ಯಾವ ಬುದ್ಧಿ ಹೇಳುತ್ತೀರಿ? ಪೂಜಾರಿಯ ಸುಳ್ಳನ್ನು ಬಯಲು ಮಾಡಿದರೆ ಇವನ ನಂಬಿಕೆ ಸಡಿಲಾಗುತ್ತದೆಂದು ನಾನು ಕಾದು ಕೂತಿದ್ದೆ. ಆ ಸುಳ್ಳಿಗೂ ಇವನ ನಂಬಿಕೆಗೂ ಸಂಬಂಧವೇ ಇರಲಿಲ್ಲ.

ಶ್ರಾವಣದ ನಡುವೆ ನಂಜು ಏರಿತು. ಮೈ ಕಾದ ಹೆಂಚಾಗಿತ್ತು, ಮಾತು ತೊದಲುತ್ತಿತ್ತು. ನಾನು ಯಾರನ್ನೂ ಕೇಳದೆ ಆಂಬುಲೆನ್ಸ್ ಕರೆಸಿದೆ. ಎತ್ತಲು ಬಂದವರು ಹೊಸ್ತಿಲ ತನಕ ತಂದರು. ಅಲ್ಲಿ ಮಾಳಪ್ಪ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೊರಗಿಟ್ಟ ಸ್ಟ್ರೆಚರಿನ ಗಾಲಿ, ಕಾಲು ಅವನ ಕಣ್ಣಿಗೆ ಬಿದ್ದಿದ್ದವು. ಜೀವವೆಲ್ಲ ಇಂಗಿ ಹೋಗಿದ್ದರೂ ಆ ಕೈಗಳು ಟಗರು ಹಿಡಿದ ಕೈಗಳು, ಇಬ್ಬರು ಸೇರಿ ಬಿಡಿಸಲು ಆಗಲಿಲ್ಲ. "ಬಿಡಸ್ರಿ, ಜಗ್ರಿ!" ಎಂದು ನಾನು ಕೂಗುತ್ತಿದ್ದೆ. ದ್ಯಾವಕ್ಕ ಬಂದು ನನ್ನ ರಟ್ಟೆ ಹಿಡಿದಳು.

"ಬಿಡ್ರಿ ಅಕ್ಕಾರ. ಇನ್ನ ಬಿಡ್ರಿ."

ಮಂಚ ತರಸ್ರಿ ಅಂದಿದ್ದವಳು ಅವಳೇ. ಆಂಬುಲೆನ್ಸ್ ಬರಿದೇ ತಿರುಗಿ ಹೋಯಿತು. ಹೊತ್ತು ಮುಳುಗುವ ಮೊದಲು ಅವನು ಹೋದ, ತನ್ನ ಕಂಬಳಿಯ ಮೇಲೆ, ತನ್ನ ನೆಲದ ಮೇಲೆ.

ಮರುದಿನ ಬಿದಿರಿನ ವಿಮಾನ ಕಟ್ಟಿ, ಹೆಣವನ್ನು ತಲೆಗೆ ಪಟಗ ಸುತ್ತಿ ಕೂರಿಸಿ, ಹೆಗಲ ಮೇಲೆ ಎತ್ತಿದರು. ಬದುಕಿದ್ದಾಗ ಗೇಣುದ್ದ ಮೇಲೆ ಎತ್ತಲು ಬಿಡದ ಊರು ಅದು. ಕುರಿ ಒಯ್ದ ತಮ್ಮ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ. ಸಿದ್ದಣ್ಣ ಕಣ್ಣೊರೆಸಿಕೊಂಡು, "ಸತ್ರೂ ನೆಲಾ ಬಿಡಲಿಲ್ಲ ನೋಡ್ರಿ. ಭಕ್ತ ಅಂದ್ರ ಇಂವ" ಅಂದ. ದಸರೆಯ ಹೊತ್ತಿಗೆ ಪರವೂರಿನಿಂದ ಬಂದ ಭಕ್ತರಿಗೆ ಅವನು ಈ ಕಥೆ ಹೇಳುವುದನ್ನು ನಾನೇ ಕೇಳಿದೆ. ಇರುವೆ, ಇಲಿ, ಹುಣ್ಣು ಯಾವುದೂ ಅದರಲ್ಲಿರಲಿಲ್ಲ. ಮುಂದಿನ ಬೇಸಿಗೆಗೆ ನನಗೆ ವರ್ಗವಾಯಿತು. ಮಂಚವನ್ನು ಖಾಜಾಸಾಬನಿಗೇ ಬಿಟ್ಟು ಯಾದಗಿರಿಗೆ ಹೋದೆ.

ಅದೆಲ್ಲ ಒಮ್ಮೆಲೇ ನೆನಪಾಗಿ ಜೀಪಿನಿಂದ ಇಳಿದೆ. ಖಾಜಾಸಾಬನ ಗಡ್ಡ ಬೆಳ್ಳಗಾಗಿದೆ. ನನ್ನ ಮಂಚ ಅಲ್ಲೇ ಇದೆ, ಅದೇ ಭಜಿಯ ಪರಾತ.

"ಆ ಟಂಟಂ ಊರೊಳಗ ಹೆಂಗ ಹೋತು?" ಅಂತ ಕೇಳಿದೆ.

"ಈಗ ಭಾಳ ಮನ್ಯಾಗ ಬಂದಾವ್ರಿ ಬಾಯಿ. ಸಿದ್ದಣ್ಣನ ಮಗನ ಲಗ್ನ ಆತಲ್ರಿ, ಬೀಗರು ಸಾಗವಾನಿ ಮಂಚ ಕೊಟ್ರು. ಹೆಣ್ಣಿನ ಕಡೆಯವರು ದೊಡ್ಡ ಮಂದಿ, ಬ್ಯಾಡ ಅಂದ್ರ ಹೆಂಗ? ಹೂ ಕೇಳಿದ್ರು. ಬಲಕ್ಕ ಬಿತ್ತು. ಹಚ್ಚಿ ಕೈ ತಗ್ಯೂದ್ರಾಗ ಬಿತ್ತಂತ್ರಿ." ಅವನು ಚಹಾ ಸೋಸುತ್ತಲೇ ಹೇಳಿದ. "ಕಾಲ ಬದ್ಲಾಗೈತಿ, ಅಯ್ಯಾನೂ ಬದ್ಲಾಗ್ಯಾನ ಅಂತಾರ್ರಿ."

ಚಹಾದ ಲೋಟ ಅಲ್ಲೇ ಇಟ್ಟೆ. ಹಳ್ಳ ದಾಟಿ ಕುರುಬರ ಓಣಿಗೆ ನಡೆದೆ.

ದ್ಯಾವಕ್ಕ ಅದೇ ಮನೆಯಲ್ಲಿದ್ದಳು. ಮಾಳಿಗೆ ಹೋಗಿ ತಗಡು ಬಂದಿದೆ, ನೆಲ ಮಾತ್ರ ಅದೇ. ಮೊಣಕಾಲು ಬಾತಿವೆ, ಟೊಂಕ ಬಾಗಿದೆ, ಗೋಡೆ ಹಿಡಿಯದೆ ಏಳಲಾರಳು. ಮೂಲೆಯಲ್ಲಿ ಒಂದು ಮಂಚವಿತ್ತು. ಮಗಳು ತಂದು ಹಾಕಿದ್ದಂತೆ. ಅದರ ಮೇಲೆ ಜೋಳದ ಚೀಲಗಳು. ಅದರ ಕೆಳಗೆ, ಪಕ್ಕದಲ್ಲಿ, ನೆಲದ ಮೇಲೆ ಹಾಸಿದ್ದದ್ದು ಅದೇ ಕಂಬಳಿ. ಮಳೆಗಾಲ ಇನ್ನೂ ಮುಗಿದಿರಲಿಲ್ಲ, ಆ ಒದ್ದೆ ಉಣ್ಣೆಯ ವಾಸನೆ ಇನ್ನೂ ಇತ್ತು.

ನಾನು ಅವಳ ಪಕ್ಕ ನೆಲದ ಮೇಲೆ ಕುಳಿತೆ.

"ದ್ಯಾವಕ್ಕಾ, ಮಂಚ ಐತಿ, ಮ್ಯಾಲೆ ಮಲಗಬಾರದಾ? ಈ ಟೊಂಕ ಇಟಗೊಂಡು ನೆಲದ ಮ್ಯಾಲೆ ಯಾಕ? ಈಗ ದ್ಯಾವ್ರೂ ಒಪ್ಯಾನಂತಲ್ಲ?"

"ದ್ಯಾವ್ರು ಒಪ್ಯಾನ್ರಿ" ಅಂದಳು. "ನಾ ಒಪ್ಪಿಲ್ಲ."

ಕಂಬಳಿಯ ಅಂಚನ್ನು ಕೈಯಿಂದ ಸವರಿದಳು.

"ನಾ ಎಂದಾದ್ರೂ ಗುಡ್ಡಕ್ಕ ಕೈ ಮುಗದೀನೇನ್ರಿ ಅಕ್ಕಾರ? ನಿಮಗ ಗೊತ್ತೈತಿ. ಈಗೂ ಮುಗಿಯಂಗಿಲ್ಲ. ಆದ್ರ ನಾ ಅದರ ಮ್ಯಾಲ ಏರಿ ಮಲಗಿದ್ನೆಪಾ ಅಂದ್ರ, ಅವ ಸುಮ್ಮನ ಸತ್ತಂಗ ಆಗ್ತೈತಿ. ಮಂಚ ಬರೂದೇ ಇತ್ತು ಅಂದ್ರ ಅವ ಯಾಕ ಸತ್ತ? ಊರಾಗ ಎಲ್ಲಾರೂ ಏರಿ ಮಲಗ್ಯಾರ. ಒಬ್ಬರರ ಕೆಳಗ ಇರಬೇಕಲ್ರಿ ಅವನ ಸಲುವಾಗಿ."

ಹೊರಗೆ ಯಾರದೋ ಮನೆಯಲ್ಲಿ ಹೊಸ ಮಂಚ ಇಳಿಸುವ ಗದ್ದಲ ಕೇಳುತ್ತಿತ್ತು. ಬಾಗಿಲಲ್ಲಿ ಹಿಡಿಸುವುದಿಲ್ಲ, ಅಡ್ಡ ಹಿಡೀರಿ ಎಂದು ಯಾರೋ ಕೂಗುತ್ತಿದ್ದರು.

"ನೀವು ಕಲಿತವ್ರು" ಅಂದಳು ದ್ಯಾವಕ್ಕ. "ನೀವೇ ಹೇಳ್ರಿ. ಅವ ಸುಮ್ಮನ ಸತ್ತಾನೇನು?"

ಹೌದು. ಸುಮ್ಮನೆ ಸತ್ತ. ಒಂದು ಹೂವಿಗೆ ನೀರು ಕಡಿಮೆಯಾದದ್ದಕ್ಕೆ ಸತ್ತ. ಎಂಟು ವರ್ಷದಿಂದ ಕಂಡಕಂಡವರಿಗೆಲ್ಲ ನಾನು ಹೇಳುತ್ತ ಬಂದ ಮಾತು ಇದು. ಯಾದಗಿರಿಯಲ್ಲಿ ಹೊಸ ನರ್ಸುಗಳ ತರಬೇತಿಯಲ್ಲಿ ಹೇಳಿದ್ದೇನೆ, ಅಪ್ಪನ ಗೆಳೆಯರ ಮುಂದೆ ಎದೆಯುಬ್ಬಿಸಿ ಹೇಳಿದ್ದೇನೆ. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ಲವ್ವ" ಅಂದೆ. "ಸುಮ್ಮನ ಸತ್ತಿಲ್ಲ."

ಅವಳು ನನ್ನ ಕಣ್ಣನ್ನೇ ನೋಡಿದಳು, ಬಹಳ ಹೊತ್ತು.

"ಸುಳ್ಳು ಹೇಳಾಕತ್ತೀರಿ ಅಕ್ಕಾರ" ಅಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಇರ್ಲಿ. ಇನ್ನೊಮ್ಮೆ ಹೇಳ್ರಿ."

ನಾನು ಇನ್ನೊಮ್ಮೆ ಹೇಳಿದೆ.